ಮಡಿಕೇರಿಯ ಶನಿವಾರದ ಹಾಡುಕೂಟ: ಹಾಡಿಗೆ ಪೂರ್ತಿ ಅಂಕ, ಮೆಟ್ಟಿಲಿಗೆ ಸೊನ್ನೆ

ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಹಳೆಯ ಕಟ್ಟಡವಿದೆ. ಅದರ ಮಹಡಿಯ ಮೇಲೆ ಪ್ರತಿ ಶನಿವಾರ ಸಂಜೆ ನಾಲ್ಕೂವರೆಯಿಂದ ಆರು ಗಂಟೆಯವರೆಗೆ ಸಮೂಹ ಗಾಯನದ ತರಗತಿ ನಡೆಯುತ್ತದೆ. ಶುಲ್ಕ ತಿಂಗಳಿಗೆ 200 ರೂಪಾಯಿ. ತೋಟದಲ್ಲಿ ದಿನಗೂಲಿ ಮಾಡುವವರಿಗೂ ವಿದ್ಯಾರ್ಥಿಗಳಿಗೂ ಶುಲ್ಕವಿಲ್ಲ. ಸೇರಿಕೊಳ್ಳುವುದಕ್ಕೆ ಪರೀಕ್ಷೆಯೂ ಇಲ್ಲ. ‘ಒಂದು ಹಾಡು ಹೇಳಿ ನೋಡೋಣ’ ಎಂದು ಯಾರೂ ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸಂಗೀತ ಕಲಿಸುವ ಒಳ್ಳೆಯ ಗುರುಗಳಿದ್ದಾರೆ, ಊರೂರಿಗೆ ಭಜನಾ ಮಂಡಳಿಗಳಿವೆ. ಆದರೆ ದನಿ ಹೇಗಿದ್ದರೂ, ಜಾತಿ ಮತ ಯಾವುದಾದರೂ, ಬಂದು ನಿಂತು ಹಾಡಿ ಎನ್ನುವ ಇಂಥ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ. ನಾನು ಸೇರಿದ ಮೇಲೆ ಒಂದು ಮಳೆಗಾಲವೂ ಒಂದು ಕೊಯ್ಲೂ ಕಳೆದಿವೆ. ಹೇಗಿದೆ, ಸೇರಬಹುದೇ ಎಂದು ಸಂತೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಿರುವುದರಿಂದ ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ.

ಸುಂಟಿಕೊಪ್ಪದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತನಾದವನು ನಾನು. ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ ಹಾಜರಿ ಹಾಕುವುದು, ವಾರಕ್ಕೊಮ್ಮೆ ಬಟವಾಡೆ, ಕೊಯ್ಲಿನ ಕಾಲದಲ್ಲಿ ಹಣ್ಣು ತೂಗಿಸಿ ಬರೆದುಕೊಳ್ಳುವುದು, ಇದರಲ್ಲೇ ಆಯುಷ್ಯ ಕಳೆಯಿತು. ಮನೆಯಲ್ಲಿ ಅರೆಭಾಷೆ, ಲೆಕ್ಕದ ಪುಸ್ತಕದಲ್ಲಿ ಕನ್ನಡ, ಮಾಲೀಕರ ಮನೆಯವರೊಂದಿಗೆ ಕೊಡವ ತಕ್ಕ್, ಕೂಲಿಯವರು ವಾಸಿಸುವ ಲೈನ್ ಮನೆಗಳಲ್ಲಿ ತಮಿಳು, ಮಲಯಾಳ, ತುಳು, ಇಲ್ಲಿನ ಆದಿವಾಸಿಗಳಾದ ಎರವರ ಮಾತು. ಈಚೆಗೆ ಅಸ್ಸಾಮಿನಿಂದ ಬಂದವರೊಂದಿಗೆ ಹರಕುಮುರುಕು ಹಿಂದಿ. ಕೊಡಗಿನ ತೋಟದಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸದಲ್ಲ. ಇಷ್ಟು ಭಾಷೆಯವರು ಒಂದೇ ಗುಡ್ಡದಲ್ಲಿ ದುಡಿಯುತ್ತಾರೆ, ಒಂದೇ ಮಳೆಯಲ್ಲಿ ನೆನೆಯುತ್ತಾರೆ. ಸಂಜೆಯಾದರೆ ಮಾತ್ರ ಅವರವರ ಒಲೆ ಅವರವರಿಗೆ. ಒಬ್ಬರ ಮನೆಯ ಮದುವೆಯ ಹಾಡು ಇನ್ನೊಬ್ಬರಿಗೆ ದೂರದಿಂದ ಕೇಳಿಬರುವ ಸದ್ದು, ಅಷ್ಟೇ.

ನಾನು ಅಲ್ಲಿಗೆ ಹೋದದ್ದು ಅಕ್ಕನಿಗಾಗಿ. ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು. ಪಾರ್ಶ್ವವಾಯು ಹೊಡೆದು ಅವಳ ಬಲಗೈ, ಬಲಗಾಲು ಸೋತವು. ಜೊತೆಗೆ ಮಾತೂ ಹೋಯಿತು. ಬುದ್ಧಿ ಎಂದಿನಂತೆ ಚುರುಕಾಗಿದೆ, ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಟಿವಿಯಲ್ಲಿ ಯಾರಾದರೂ ತಪ್ಪು ಕನ್ನಡ ಆಡಿದರೆ ಹುಬ್ಬು ಗಂಟಿಕ್ಕುತ್ತಾಳೆ. ಹೇಳಬೇಕಾದ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ನೀರು ಬೇಕಾದರೂ ‘ಆಯ್ತು’, ಕಿಟಕಿ ಮುಚ್ಚಬೇಕಾದರೂ ‘ಆಯ್ತು’. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದಾಗ ಮಾತು ಕಟ್ಟುವ ಶಕ್ತಿ ಹೋಗಬಹುದು. ಆದರೂ ಅಂಥವರಲ್ಲಿ ಅನೇಕರಿಗೆ ಬಾಯಿಪಾಠವಾಗಿದ್ದ ಹಾಡು ಪದಗಳ ಸಮೇತ ಉಳಿದಿರುತ್ತದೆ. ಇದನ್ನೇ ಹಿಡಿದುಕೊಂಡು, ಮಾತನ್ನು ರಾಗವಾಗಿ ಎಳೆದು, ಎಡಗೈಯಲ್ಲಿ ತಾಳ ತಟ್ಟಿಸುತ್ತ ಹೇಳಿಸುವ ಚಿಕಿತ್ಸೆಯನ್ನು ಅಮೆರಿಕದ ಬಾಸ್ಟನ್ನಿನ ತಜ್ಞರು 1973ರಲ್ಲಿ ವಿವರಿಸಿದರು. ಮಂಗಳೂರಿನಲ್ಲಿ ಅಕ್ಕನಿಗೆ ಮಾತಿನ ಅಭ್ಯಾಸ ಮಾಡಿಸುತ್ತಿದ್ದವರು ಇದನ್ನೆಲ್ಲ ನಮಗೆ ತಿಳಿಯುವಂತೆ ಹೇಳಿ, ‘ಹಾಡುವ ಗುಂಪು ಎಲ್ಲಾದರೂ ಇದ್ದರೆ ಕರೆದುಕೊಂಡು ಹೋಗಿ. ಇವರು ಮನೆಯಲ್ಲಿ ಒಬ್ಬರೇ ಕೂರುವುದು ಬೇಡ’ ಎಂದರು. ಕೂತಲ್ಲೇ ಕೂತು ಗೋಡೆ ನೋಡುತ್ತಿದ್ದವಳನ್ನು ಹೊರಗೆ ತರಲು ನಮಗೂ ಒಂದು ನೆಪ ಬೇಕಿತ್ತು.

ಹಾಡಿಸುವವರನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಾರೆ. ವಿರಾಜಪೇಟೆಯ ಕಡೆಯವರು, ಚರ್ಚಿನ ಗಾಯನ ತಂಡದಲ್ಲಿ ಬೆಳೆದು ಆಮೇಲೆ ಕರ್ನಾಟಕ ಸಂಗೀತವನ್ನೂ ಕಲಿತವರು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆಯ ಜನ ಮನೆಮಠ ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಮಲಗಿದ್ದಾಗ, ಅಲ್ಲಿನ ಮಕ್ಕಳನ್ನು ಸಂಜೆ ಹೊತ್ತು ಒಟ್ಟಿಗೆ ಕೂರಿಸಿ ಇವರು ಹಾಡಿಸುತ್ತಿದ್ದರಂತೆ. ಮಕ್ಕಳ ಬೆನ್ನಿಗೆ ತಾಯಂದಿರು ಬಂದರು, ತಾಯಂದಿರ ಬೆನ್ನಿಗೆ ಅಜ್ಜಂದಿರು. ಕೇಂದ್ರಗಳು ಮುಚ್ಚಿದ ಮೇಲೂ ಹಾಡು ನಿಲ್ಲಲಿಲ್ಲ. ಜಂಬೂರಿನ ಪುನರ್ವಸತಿ ಬಡಾವಣೆಯಿಂದ ಇಬ್ಬರು ಹೆಂಗಸರು ಈಗಲೂ ಬರುತ್ತಾರೆ. ಬೇರೆ ಬೇರೆ ಊರು ಕಳೆದುಕೊಂಡು ಬಂದು ಒಂದೇ ಸಾಲಿನಲ್ಲಿ ಮನೆ ಪಡೆದವರು. ನೆರೆಮನೆಯವರಾಗಿಯೂ ಬರೀ ಮುಖಪರಿಚಯವಿದ್ದದ್ದು, ಇಲ್ಲಿ ಒಂದೇ ಹಾಳೆ ಹಿಡಿದು ಹಾಡಿದ ಮೇಲೆ ಉಪ್ಪಿನಕಾಯಿ ಕೊಟ್ಟು ತೆಗೆದುಕೊಳ್ಳುವ ಸಲುಗೆಯಾಯಿತು ಎಂದು ಅವರೇ ನನಗೆ ಹೇಳಿದರು.

ತರಗತಿ ನೇರವಾಗಿ ಹಾಡಿನಿಂದ ಶುರುವಾಗುವುದಿಲ್ಲ. ಮೊದಲು ಹೆಗಲು ಸಡಿಲ ಬಿಡುವುದು, ತುಟಿ ಅದುರಿಸಿ ಗಾಳಿ ಬಿಡುವುದು, ಬಾಯಿ ಮುಚ್ಚಿ ‘ಮ್’ ಎಂದು ಗುಂಯ್‌ಗುಟ್ಟುವುದು. ಚಳಿಗೆ ಬಿಗಿದ ಗಂಟಲು ಇದರಿಂದ ಬಿಚ್ಚಿಕೊಳ್ಳುತ್ತದೆ. ಆಮೇಲೆ ಟೀಚರ್ ಒಂದು ಸ್ವರ ಕೊಡುತ್ತಾರೆ. ‘ನಾನು ಕೈ ಇಳಿಸುವವರೆಗೆ ಈ ಸ್ವರ ನಿಲ್ಲಬಾರದು. ಉಸಿರು ಸಾಲದಾದಾಗ ಎಳೆದುಕೊಳ್ಳಿ, ಆದರೆ ಪಕ್ಕದವರು ಎಳೆಯುವ ಹೊತ್ತಿಗೆ ನೀವು ಎಳೆಯಬೇಡಿ’ ಎನ್ನುತ್ತಾರೆ. ಇಡೀ ತರಗತಿಯ ಜೀವ ಇರುವುದು ಈ ಒಂದು ಸೂಚನೆಯಲ್ಲಿ ಎಂದು ನನಗೆ ಅನ್ನಿಸುತ್ತದೆ. ನನ್ನ ಎಡಕ್ಕೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು ನಿಲ್ಲುತ್ತಾರೆ, ಬಲಕ್ಕೆ ಮಾರುಕಟ್ಟೆಯಲ್ಲಿ ಮೀನು ಮಾರುವ ಹುಡುಗ. ಹಿರಿಯರಿಗೆ ಉಬ್ಬಸ, ಅವರ ಉಸಿರು ಬೇಗ ಮುಗಿಯುತ್ತದೆ. ಹುಡುಗನದು ದೊಡ್ಡ ಎದೆ. ಹಿರಿಯರು ಬಿಟ್ಟಲ್ಲಿ ನಾನು ಹಿಡಿಯಬೇಕು, ನಾನು ಬಿಟ್ಟಲ್ಲಿ ಹುಡುಗ. ಹಾಗೆ ಮಾಡಬೇಕಾದರೆ ನನ್ನ ದನಿಗಿಂತ ಅವರ ಉಸಿರಿಗೆ ಕಿವಿ ಕೊಡಬೇಕು. ಯಾರೊಬ್ಬರಿಂದಲೂ ಆಗದಷ್ಟು ಹೊತ್ತು ಆ ಸ್ವರ ಕಡಿಯದೆ ನಿಲ್ಲುತ್ತದೆ. ಉಬ್ಬಸದವರೂ ಅದರೊಳಗೆ ಇರುತ್ತಾರೆ. ಅವರಿಗೆಂದು ರಿಯಾಯಿತಿ ತೋರಿಸಬೇಕಾಗಿಲ್ಲ, ಪಕ್ಕಕ್ಕೆ ನಿಲ್ಲಿಸಬೇಕಾಗಿಲ್ಲ.

ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಟ್ಟಿಗೆ ಹಾಡುವವರ ಹೃದಯ ಬಡಿತ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತದೆ, ಹಾಡಿನ ಸಾಲುಗಳು ಉಸಿರಾಟವನ್ನು ಒಂದು ಕ್ರಮಕ್ಕೆ ತರುವುದೇ ಅದಕ್ಕೆ ಕಾರಣ ಎಂಬುದು ಅದರ ಸಾರ. ಅದಕ್ಕಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆಕ್ಸ್‌ಫರ್ಡ್‌ನವರು 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ. ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿದರು. ಕೆಲವು ಹಾಡಿನ ತರಗತಿ, ಕೆಲವು ಕರಕುಶಲದವು, ಕೆಲವು ಬರವಣಿಗೆಯವು. ಏಳು ತಿಂಗಳು ಕಳೆಯುವ ಹೊತ್ತಿಗೆ ಎಲ್ಲ ತರಗತಿಗಳಲ್ಲೂ ಸ್ನೇಹ ಸರಿಸುಮಾರು ಒಂದೇ ಮಟ್ಟಕ್ಕೆ ಬಂದಿತ್ತು. ಹಾಡುವವರು ಮಾತ್ರ ಶುರುವಿನಲ್ಲೇ ಬೇಗ ಹತ್ತಿರವಾದರು. ಹಾಡಿನಿಂದ ಏನೋ ಪವಾಡವಾಗುತ್ತದೆ ಎಂದು ಅದು ಹೇಳುವುದಿಲ್ಲ. ಆದರೆ ಆ ಶುರುವಿನ ದಿನಗಳ ಬೆಲೆ ಅಪರಿಚಿತರ ನಡುವೆ ಹೋಗಿ ಕೂತವರಿಗೆ ಗೊತ್ತು. ಲೈನ್ ಮನೆಯಿಂದ ಬಂದವಳು, ಗಾಲಿಕುರ್ಚಿಯಲ್ಲಿ ಬಂದವಳು, ಕನ್ನಡ ಸರಿಯಾಗಿ ಬಾರದವನು ಬಿಟ್ಟು ಹೋಗುವುದು ಆ ದಿನಗಳಲ್ಲಿಯೇ. ನಾಲ್ಕು ವಾರ ಯಾರೂ ಮಾತನಾಡಿಸದಿದ್ದರೆ ಐದನೆಯ ವಾರ ಯಾರು ಬರುತ್ತಾರೆ?

ಅಕ್ಕ ಮೊದಮೊದಲು ಬಾಯಿ ಬಿಡಲಿಲ್ಲ. ಕಣ್ಣು ಮಾತ್ರ ಎಲ್ಲರ ಬಾಯಿಯ ಮೇಲೆ. ಅವಳ ಪಕ್ಕದಲ್ಲಿ ಕೂರುವವರು ನಾನು ಕೆಲಸ ಮಾಡಿದ ತೋಟದಲ್ಲೇ ಇದ್ದ, ಈಗ ಮಡಿಕೇರಿಯಲ್ಲಿ ಮಗಳ ಮನೆಯಲ್ಲಿರುವ ತಮಿಳು ಹೆಂಗಸು. ಚೆಕ್‌ರೋಲ್‌ನಲ್ಲಿ ಅವರ ಹೆಸರನ್ನು ವರ್ಷಗಟ್ಟಲೆ ಬರೆದಿದ್ದೇನೆ, ಅವರ ಕೈಯಿಂದ ಎಷ್ಟು ಕಿಲೋ ಹಣ್ಣು ಬರುತ್ತಿತ್ತೆಂಬುದೂ ನೆನಪಿದೆ. ಅವರಿಗೆ ಇಂಥ ಕಂಠವಿದೆ ಎಂದು ತಿಳಿದದ್ದು ಇಲ್ಲಿ. ಎಡಗೈಯ ತಾಳದ ವಿಷಯವನ್ನು ನಾನು ಟೀಚರ್ ಕಿವಿಗೆ ಹಾಕಿದ್ದೆ. ಟೀಚರ್ ಅದನ್ನು ಆ ಹೆಂಗಸಿಗೆ ಒಪ್ಪಿಸಿದರು. ಅವರು ಅಕ್ಕನ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು ಅಕ್ಕನ ಮೊಣಕಾಲಿನ ಮೇಲೆ ಮೆಲ್ಲಗೆ ತಟ್ಟಿಸುತ್ತಾರೆ. ಕಾಫಿ ಕೊಯ್ದು ಕೊಯ್ದು ಒರಟಾದ ಬೆರಳುಗಳು, ಅದರ ಕೆಳಗೆ ಸೀಮೆಸುಣ್ಣ ಹಿಡಿದ ಬೆರಳುಗಳು.

ಮಳೆ ಜೋರಾಗಿದ್ದ ಒಂದು ಶನಿವಾರ ಟೀಚರ್ ಹಳೆಯ ಶಾಲಾ ಪ್ರಾರ್ಥನೆಯೊಂದನ್ನು ತೆಗೆದುಕೊಂಡರು. ಅಕ್ಕ ಶಾಲೆಯಲ್ಲಿ ದಿನಾ ಬೆಳಿಗ್ಗೆ ಮಕ್ಕಳಿಂದ ಹೇಳಿಸುತ್ತಿದ್ದ ಪ್ರಾರ್ಥನೆ ಅದು. ಎರಡನೆಯ ಸಾಲಿಗೆ ಅವಳ ತುಟಿ ಆಡಿತು. ಮೂರನೆಯ ಸಾಲಿನಲ್ಲಿ ದನಿ ಬಂತು, ಪದ ಬಂತು, ಒಂದರ ಹಿಂದೆ ಒಂದು, ಅಕ್ಷರ ತಪ್ಪದೆ. ಮಹಾಪ್ರಾಣಗಳನ್ನು ಮೊದಲಿನಂತೆಯೇ ಒತ್ತಿ ಹೇಳಿದಳು. ನಾನು ಹಾಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದೆ. ಟೀಚರ್ ಕಣ್ಣಲ್ಲೇ ಗದರಿದರು, ನಾನು ನನ್ನ ಸಾಲಿಗೆ ಮರಳಿದೆ. ಹಾಡು ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ‘ಇನ್ನೊಮ್ಮೆ, ಮೊದಲಿನಿಂದ’ ಎಂದರು ಟೀಚರ್, ಅಕ್ಕ ಇನ್ನೊಮ್ಮೆ ಹಾಡಿದಳು. ಅದು ಸರಿಯಾದ ನಡೆ. ಚಪ್ಪಾಳೆ ತಟ್ಟಿದ್ದರೆ ಅವಳು ಮತ್ತೆ ರೋಗಿಯಾಗುತ್ತಿದ್ದಳು.

ಅಕ್ಕನಂತೆ ಮಾತು ಕಳೆದುಕೊಂಡವರನ್ನು ಮನೆಯಲ್ಲಿಟ್ಟುಕೊಂಡವರು ಇದನ್ನು ಓದುತ್ತಿರಬಹುದು. ಅವರಿಗಾಗಿ ಸ್ಪಷ್ಟವಾಗಿ ಹೇಳುತ್ತೇನೆ. ಅಕ್ಕನ ಮಾತು ಮರಳಿ ಬಂದಿಲ್ಲ. ನೀರು ಬೇಕೆಂದು ಕೇಳಲು ಅವಳಿಗೆ ಇಂದಿಗೂ ಆಗುವುದಿಲ್ಲ. ಹಾಡುಕೂಟ ಚಿಕಿತ್ಸೆಯಲ್ಲ, ಟೀಚರ್ ಕೂಡ ಹಾಗೆ ಹೇಳಿಕೊಳ್ಳುವುದಿಲ್ಲ. ಬದಲಾದದ್ದು ಅವಳ ಸುತ್ತಲಿನವರು. ಮೊದಲು ನೆಂಟರು ಬಂದರೆ ನನ್ನನ್ನು ನೋಡಿ ‘ಅಕ್ಕ ಹೇಗಿದ್ದಾರೆ’ ಎಂದು ಕೇಳುತ್ತಿದ್ದರು, ಅವಳು ಎದುರಿಗೇ ಕೂತಿರುತ್ತಿದ್ದಳು. ಹಾಡುಕೂಟದವರು ಅವಳನ್ನೇ ಕೇಳುತ್ತಾರೆ, ಅವಳ ಉತ್ತರಕ್ಕೆ ಕಾಯುತ್ತಾರೆ. ಬಂದದ್ದು ‘ಆಯ್ತು’ ಆದರೂ ಅದು ಯಾವ ‘ಆಯ್ತು’ ಎಂದು ದನಿಯಲ್ಲೇ ಗುರುತಿಸುವಷ್ಟು ಅವರ ಕಿವಿ ಪಳಗಿದೆ.

ಇನ್ನು ಹಾಡುಗಳ ವಿಷಯ. ನಾಲ್ಕು ದನಿಗಳಲ್ಲಿ ಹಾಡಿಸುತ್ತಾರೆ. ಹೆಂಗಸರಲ್ಲಿ ಮೇಲಿನದು ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡಸರಲ್ಲಿ ಟೆನರ್ ಮತ್ತು ಬಾಸ್. ಪಾಶ್ಚಾತ್ಯ ಸ್ವರಲಿಪಿ ಓದಬಲ್ಲವರು ಚರ್ಚಿನಿಂದ ಬಂದ ಕೆಲವರು ಮಾತ್ರ. ಹಾಗಾಗಿ ಟೀಚರ್ ಎಲ್ಲವನ್ನೂ ಬಾಯಿಂದ ಬಾಯಿಗೆ ಕಲಿಸುತ್ತಾರೆ, ಪದಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿ ಕೊಡುತ್ತಾರೆ, ಓದಲು ಬಾರದವರಿಗೆ ಮೊಬೈಲಿಗೆ ದನಿ ಕಳಿಸುತ್ತಾರೆ. ನಮ್ಮ ರಾಗದ ಹಾಡನ್ನು ನಾಲ್ಕು ದನಿಗೆ ಹಂಚಿದರೆ ಅದು ಕೆಡುತ್ತದೆ ಎಂಬ ಅನುಮಾನ ನನಗಿತ್ತು. ರೂಮಾ ಗುಹಾ ಠಾಕುರ್ತಾ 1958ರಲ್ಲಿ ಕಟ್ಟಿದ ಕಲ್ಕತ್ತಾ ಯೂತ್ ಕ್ವಾಯರ್, ಆಮೇಲೆ ಮದ್ರಾಸಿನಲ್ಲಿ ಎಂ.ಬಿ. ಶ್ರೀನಿವಾಸನ್ ಕಟ್ಟಿದ ಯೂತ್ ಕ್ವಾಯರ್ ನಮ್ಮ ದೇಶದ ಭಾಷೆಗಳಲ್ಲೇ ಈ ಕೆಲಸ ಮಾಡಿ ತೋರಿಸಿವೆ ಎಂದು ಟೀಚರ್ ಹೇಳಿ, ಧ್ವನಿಮುದ್ರಿಕೆ ಕೇಳಿಸಿದರು. ರಾಗ ಮುಂದೆ ನಡೆಯುತ್ತದೆ, ಉಳಿದ ದನಿಗಳು ಅದರ ಕೆಳಗೆ ನೆಲ ಹಾಸುತ್ತವೆ. ನಾನು ಬಾಸ್‌ನಲ್ಲಿದ್ದೇನೆ. ಒಂದೇ ಸ್ವರವನ್ನು ಹಿಡಿದು ನಿಲ್ಲುವುದೇ ಹೆಚ್ಚಿನ ಕೆಲಸ. ಆ ಕೆಲಸದಲ್ಲಿ ನನಗೆ ಬಹಳ ನೆಮ್ಮದಿಯಿದೆ.

ನಾಲ್ಕು ಜನರ ಹಾಡು ಕೊಡಗಿಗೆ ಹೊಸದೇನಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲೂ ಮದುವೆಯಲ್ಲೂ ಕೊಡವರು ಹಾಡುವ ಬಾಳೋಪಾಟಿಗೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದ ನಾಲ್ವರು ಬೇಕು. ಇಬ್ಬರು ಎತ್ತಿದ್ದನ್ನು ಇನ್ನಿಬ್ಬರು ಹಿಂದೆಯೇ ಹೇಳುತ್ತಾರೆ. ಗುಂಪಿನಲ್ಲಿರುವ ಒಬ್ಬ ಹಿರಿಯ ಕೊಡವರನ್ನು ‘ನಮಗೂ ಕಲಿಸಿ’ ಎಂದು ಟೀಚರ್ ಕೇಳಿಕೊಂಡರು. ಅವರು ಒಂದು ವಾರ ಸಮಯ ಕೇಳಿದರು. ಮರುವಾರ ಬಂದು, ‘ಕುಲದ ಐನ್‌ಮನೆಯಲ್ಲಿ, ಊರ ಬಯಲಾದ ಮಂದ್‌ನಲ್ಲಿ ಹಾಡಬೇಕಾದದ್ದು ಅಲ್ಲೇ ಇರಲಿ. ದುಡಿ ಬಾರಿಸುವುದನ್ನೂ, ಎತ್ತಿ ಕೊಡುವ, ಹಿಂದೆ ಹೇಳುವ ಕ್ರಮವನ್ನೂ ಕಲಿಸುತ್ತೇನೆ. ಪದ ನಿಮ್ಮದು ಕಟ್ಟಿಕೊಳ್ಳಿ’ ಎಂದರು. ಯಾರೂ ಒತ್ತಾಯಿಸಲಿಲ್ಲ. ಆ ಕ್ರಮದಲ್ಲಿ ಮಳೆಯ ಮೇಲೆ, ಕಾಫಿ ಹೂವಿನ ಮೇಲೆ ನಾವೇ ಪದ ಕಟ್ಟಿದೆವು. ಎಲ್ಲರನ್ನೂ ಸೇರಿಸಿಕೊಳ್ಳುವ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಕಲಸಿಬಿಡುವ ಜನರಿರುತ್ತಾರೆ. ಒಬ್ಬರು ‘ಇದು ಬೇಡ’ ಎಂದಾಗ ಅದನ್ನು ಕೇಳಿಸಿಕೊಂಡದ್ದು ಈ ತರಗತಿಯ ಬಗ್ಗೆ ನನಗೆ ಗೌರವ ಹೆಚ್ಚಿಸಿತು.

ಆ ಕ್ರಮವೇ ಇನ್ನೊಂದು ದೊಡ್ಡ ಬಾಗಿಲು ತೆರೆಯಿತು. ಎರವರ ಹಾಡಿಯಿಂದ, ಅಂದರೆ ಅವರ ವಸತಿಯಿಂದ, ಬಂದು ಮಡಿಕೇರಿಯ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವ ಹುಡುಗಿಯೊಬ್ಬಳಿದ್ದಾಳೆ. ಅವಳು ತಿಂಗಳುಗಟ್ಟಲೆ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಹಾಡಿ ಹೋಗುತ್ತಿದ್ದಳು. ‘ನಿಮ್ಮ ಕಡೆ ನಾಟಿ ಮಾಡುವಾಗ ಹಾಡುವುದಿಲ್ಲವೇ’ ಎಂದು ಟೀಚರ್ ಕೇಳಿದಾಗ ಅವಳು ತನ್ನ ಅಜ್ಜಿಯ ಹಾಡೊಂದನ್ನು ಹೇಳಿದಳು. ‘ಮುಂದೆ ಬಾ, ನೀನು ಎತ್ತು, ನಾವು ಹಿಂದೆ ಹೇಳುತ್ತೇವೆ’ ಎಂದರು ಟೀಚರ್. ಹುಡುಗಿ ಒಂದು ಸಾಲು ಹೇಳಿದಳು. ತೋಟದ ಮಾಲೀಕರ ಮನೆಯವರು, ಬ್ಯಾಂಕಿನವರು, ಮೇಷ್ಟರುಗಳು, ನಾನು, ಎಲ್ಲರೂ ಅವಳ ಮಾತನ್ನು ಅವಳ ಉಚ್ಚಾರದಲ್ಲಿ ಹಿಂದೆ ಹೇಳಿದೆವು. ಸರಿಯಾಗಲಿಲ್ಲ. ಅವಳು ತಿದ್ದಿದಳು, ಮತ್ತೆ ಹೇಳಿದೆವು. ಎರವರು ಗದ್ದೆಯ ಒಡೆಯರಿಗೆ ಜೀತಕ್ಕಿದ್ದ ಕಾಲ ಬಹಳ ಹಿಂದಿನದಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದೇ 1976ರಲ್ಲಿ. ಅವರಿಗೆ ಹೇಳುವವರು ಇದ್ದರೇ ಹೊರತು ಅವರು ಹೇಳಿದ್ದನ್ನು ಹಿಂದೆ ಹೇಳುವವರು ಇರಲಿಲ್ಲ. ಎಷ್ಟೋ ಮಂದಿ ಎರವರ ಹೆಸರನ್ನು ನನಗೆ ಅನುಕೂಲವಾದಂತೆ ಮೊಟಕು ಮಾಡಿ ನಾನೂ ಚೆಕ್‌ರೋಲ್‌ನಲ್ಲಿ ಬರೆದಿದ್ದೇನೆ, ಅದು ತೋಟದ ರೂಢಿಯಾಗಿತ್ತು. ಒಂದು ಸಾಲನ್ನು ಅವರಿಗೆ ಸರಿ ಎನಿಸುವಂತೆ ಉಚ್ಚರಿಸಲು ಎಷ್ಟು ಗಮನ ಬೇಕೆಂದು ಆ ದಿನ ಗಂಟಲಿಗೇ ತಿಳಿಯಿತು. ಈಗ ಆ ಹುಡುಗಿ ನಡುವೆ ನಿಲ್ಲುತ್ತಾಳೆ.

ಸೇರುವಿಕೆಯನ್ನು ಅಳೆಯಬೇಕಾದರೆ ಇಲ್ಲಿ ಅಳೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಯಾರು ಎತ್ತುತ್ತಾರೆ, ಯಾರು ಹಿಂದೆ ಹೇಳುತ್ತಾರೆ, ಆ ಸರದಿ ತಿರುಗುತ್ತದೆಯೇ? ವೇದಿಕೆಯ ಮೇಲೆ ನಾನಾ ಬಗೆಯ ಉಡುಪಿನವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರೆ ಅದು ತಿಳಿಯುವುದಿಲ್ಲ.

ಕಿವಿ ಕೇಳದ ಒಬ್ಬ ಹುಡುಗನೂ ಬರುತ್ತಾನೆ. ಅವನ ತಾಯಿ ಆಲ್ಟೊದಲ್ಲಿ ಹಾಡುತ್ತಾರೆ, ಮಗನನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲದ್ದರಿಂದ ಜೊತೆಗೆ ಕರೆತರುತ್ತಿದ್ದರು. ಅವನು ಮೂಲೆಯಲ್ಲಿ ಮೊಬೈಲ್ ನೋಡುತ್ತ ಕೂರುತ್ತಿದ್ದ. ವೆನೆಜುವೆಲಾದ ಬಾರ್ಕಿಸಿಮೆಟೊ ನಗರದಲ್ಲಿ 1999ರಲ್ಲಿ ಶುರುವಾದ ಒಂದು ಗಾಯನ ತಂಡದಲ್ಲಿ ಕಿವಿ ಕೇಳದ ಮಕ್ಕಳು ಬಿಳಿ ಕೈಗವಸು ತೊಟ್ಟು ಹಾಡನ್ನು ಕೈಯಲ್ಲೇ ಹಾಡುತ್ತಾರೆ, ಪಕ್ಕದಲ್ಲಿ ಉಳಿದವರು ದನಿಯಲ್ಲಿ ಹಾಡುತ್ತಾರೆ. ಅದರ ವಿಡಿಯೊ ನೋಡಿದ ಮೇಲೆ ಟೀಚರ್ ಹುಡುಗನ ಕೈಗೂ ಒಂದು ಜೊತೆ ಬಿಳಿ ಕೈಗವಸು ಕೊಟ್ಟರು. ಈಗ ಪಲ್ಲವಿಗೆ ನಾವೆಲ್ಲರೂ ಅವನನ್ನು ನೋಡಿಕೊಂಡು ಕೈ ಆಡಿಸುತ್ತೇವೆ. ಅವನಿಗೆ ಲಯ ಹೇಗೆ ಸಿಗುತ್ತದೆಂದರೆ, ಮರದ ಹಲಗೆಯ ನೆಲ. ಬರಿಗಾಲಲ್ಲಿ ನಿಂತರೆ ದುಡಿಯ ಪೆಟ್ಟು ಅಂಗಾಲಿಗೆ ಬರುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯತೊಡಗಿದರೆ ನಮಗೆ ನಮ್ಮ ದನಿಯೇ ಕೇಳುವುದಿಲ್ಲ. ಆಗ ಇಡೀ ಗುಂಪು ಅವನ ಕೈಯನ್ನೇ ನಂಬಿ ಹಾಡುತ್ತದೆ.

ಇಷ್ಟೆಲ್ಲ ಮೆಚ್ಚಿಕೊಂಡವನು ದೂರನ್ನೂ ಅಷ್ಟೇ ನೇರವಾಗಿ ಹೇಳಬೇಕು. ಮೆಟ್ಟಿಲು. ಕೆಳಗಿನಿಂದ ಸಭಾಂಗಣಕ್ಕೆ ಕಡಿದಾದ ಇಪ್ಪತ್ತೆರಡು ಮೆಟ್ಟಿಲುಗಳಿವೆ, ಒಂದು ಬದಿಗೆ ಮಾತ್ರ ಕಂಬಿ. ಲಿಫ್ಟ್ ಇಲ್ಲ, ಇಳಿಜಾರೂ ಇಲ್ಲ. ಪ್ರತಿ ಶನಿವಾರ ಮೀನಿನ ಹುಡುಗನೂ ಇನ್ನಿಬ್ಬರೂ ಅಕ್ಕನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತಾರೆ. ಪ್ರೀತಿಯಿಂದಲೇ ಎತ್ತುತ್ತಾರೆ. ಆದರೆ ಎತ್ತಿಸಿಕೊಳ್ಳುವವಳ ಮುಖವನ್ನು ನಾನು ನೋಡುತ್ತೇನೆ. ಶೌಚಾಲಯ ಕೆಳಗೆ, ಕಟ್ಟಡದ ಹಿಂಬದಿಯಲ್ಲಿದೆ. ಅದಕ್ಕಾಗಿ ಅಕ್ಕ ಶನಿವಾರ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾಳೆ. ಎಲ್ಲರಿಗೂ ಸ್ವಾಗತ ಎಂದು ಕೆಳಗಿನ ಬಾಗಿಲಲ್ಲಿ ಚೀಟಿ ಅಂಟಿಸಿದ್ದಾರೆ. ಆ ಚೀಟಿ ಓದಿ, ಮೆಟ್ಟಿಲು ನೋಡಿ, ತಿರುಗಿ ಹೋದವರು ಎಷ್ಟೋ ಇರಬೇಕು. ನೆಲಮಟ್ಟದಲ್ಲಿ ಜಾಗ ಹುಡುಕಿ ಎಂದು ನಾನು ಕೇಳುತ್ತಲೇ ಇದ್ದೇನೆ. ಟೀಚರ್ ಹುಡುಕುತ್ತಿದ್ದಾರೆ, ಮಡಿಕೇರಿಯ ಪ್ರವಾಸಿ ಬಾಡಿಗೆಯಲ್ಲಿ ಅಗ್ಗದ ಜಾಗ ಸಿಗುತ್ತಿಲ್ಲ. ಕಾರಣ ನಿಜ, ಆದರೂ ಕೊರತೆ ಕೊರತೆಯೇ.

ಎರಡನೆಯದು ಹೊತ್ತು. ತೋಟದಲ್ಲಿ ಶನಿವಾರವೂ ಕೆಲಸದ ದಿನ. ಕೆಲಸ ಬಿಟ್ಟು, ಕೈಕಾಲು ತೊಳೆದು, ರಸ್ತೆಗೆ ಬಂದು ಬಸ್ ಹಿಡಿಯುವಷ್ಟರಲ್ಲಿ ಇಲ್ಲಿ ತರಗತಿ ಅರ್ಧ ಮುಗಿದಿರುತ್ತದೆ. ಮರಳುವಾಗ ಮುಖ್ಯ ರಸ್ತೆಯ ಊರುಗಳಿಗೆ ಬಸ್ ಸಿಗುತ್ತದೆ, ಒಳದಾರಿಯ ತೋಟಗಳಿಗೆ ಕತ್ತಲಾದ ಮೇಲೆ ಯಾವುದೂ ಇಲ್ಲ. ಆನೆ ಓಡಾಡುವ ದಾರಿಯಲ್ಲಿ ಹೆಂಗಸರು ನಡೆದು ಹೋಗಲಿ ಎನ್ನುವುದಕ್ಕಾಗುತ್ತದೆಯೇ? ಶುಲ್ಕ ಮನ್ನಾ ಮಾಡಿದ್ದು ಒಳ್ಳೆಯದು. ಆದರೆ ಶುಲ್ಕವಿಲ್ಲದ ತರಗತಿಗೆ ಆಟೊ ಬಾಡಿಗೆ ಕೊಟ್ಟು ಬರಬೇಕಾದರೆ ಆ ಮನ್ನಾ ಯಾರಿಗೂ ತಲುಪುವುದಿಲ್ಲ. ಈಗ ಬರುವ ತೋಟದವರೆಲ್ಲ ಪಟ್ಟಣದಲ್ಲಿ ನೆಂಟರಿರುವವರು ಅಥವಾ ಯಾರದಾದರೂ ವಾಹನದಲ್ಲಿ ಬರುವವರು. ಅಸ್ಸಾಮಿನವರು ಒಬ್ಬರೂ ಇಲ್ಲ. ತಿಂಗಳಿಗೆ ಒಂದು ಭಾನುವಾರವಾದರೂ ಸುಂಟಿಕೊಪ್ಪದಲ್ಲಿಯೋ ಸಿದ್ದಾಪುರದಲ್ಲಿಯೋ ತರಗತಿ ನಡೆಸಬೇಕೆಂಬ ನನ್ನ ಸಲಹೆಯನ್ನು ಒಪ್ಪಿದ್ದಾರೆ, ಇನ್ನೂ ಶುರುವಾಗಿಲ್ಲ.

ಹೊರಗಿನ ಕಾರ್ಯಕ್ರಮಗಳಿಗೆ ಹೋಗುವಾಗ ಎಚ್ಚರ ಬೇಕು. ಒಂದು ಸಮಾರಂಭದಲ್ಲಿ ಸಂಘಟಕರು ವೇದಿಕೆ ಚೆಂದ ಕಾಣಬೇಕೆಂದು ಅಕ್ಕನ ಗಾಲಿಕುರ್ಚಿಯನ್ನು ಪರದೆಯ ಬದಿಗೆ ಸರಿಸಿದರು, ರೇಷ್ಮೆ ಸೀರೆಯವರನ್ನು ಮುಂದಕ್ಕೆ ಕರೆದರು. ಟೀಚರ್ ಸಿಟ್ಟಿನಲ್ಲಿ ಏನೂ ಹೇಳಲಿಲ್ಲ. ಇಡೀ ಗುಂಪನ್ನು ವೇದಿಕೆಯಿಂದ ಕೆಳಗಿಳಿಸಿ, ಅಕ್ಕನ ಸುತ್ತ ನಿಲ್ಲಿಸಿ, ಸಭಿಕರ ಮಟ್ಟದಲ್ಲೇ ನಿಂತು ಹಾಡಿಸಿದರು. ಮೈಕ್ ಇಲ್ಲದೆಯೂ ಹಿಂದಿನ ಸಾಲಿನವರಿಗೆ ಕೇಳಿತು.

ಸಣ್ಣಪುಟ್ಟವು: ಕೀಬೋರ್ಡ್ ಹಳೆಯದು, ಕರೆಂಟು ಹೋದರೆ ಶ್ರುತಿಪೆಟ್ಟಿಗೆಯೇ ಗತಿ, ಅದೇ ನನಗೆ ಇಷ್ಟ. ಗಂಡಸರು ಕಡಿಮೆ, ಟೆನರ್‌ನಲ್ಲಿ ಮೂರೇ ಜನ. ನಡುವೆ ಕೊಡುವ ಬೆಲ್ಲದ ಕಾಫಿ ಬಲು ಚೆನ್ನಾಗಿರುತ್ತದೆ. ಪುಡಿ ಯಾರದಾದರೂ ಮನೆಯ ತೋಟದ್ದು.

ಒಬ್ಬರೇ ಹಾಡಿ ಹೆಸರು ಮಾಡಬೇಕೆಂಬ ಆಸೆಯುಳ್ಳವರಿಗೆ ಈ ಜಾಗ ಸರಿಹೋಗದು, ಅವರು ಗುರುಗಳನ್ನು ಹುಡುಕಿಕೊಳ್ಳಲಿ. ಮನೆಯಲ್ಲಿ ಮಾತು ಕಳೆದುಕೊಂಡವರು, ಊರಿಗೆ ಹೊಸಬರು, ನಿವೃತ್ತಿಯ ನಂತರ ಅಂಗಳ ದಾಟದವರು, ಕಂಠ ಚೆನ್ನಾಗಿಲ್ಲ ಎಂದು ಚಿಕ್ಕಂದಿನಲ್ಲಿ ಯಾರಿಂದಲೋ ಹೇಳಿಸಿಕೊಂಡು ಸುಮ್ಮನಾದವರು ಒಮ್ಮೆ ಬಂದು ನೋಡಬೇಕು. ರೊಬಸ್ಟಾ ಕೊಯ್ಲು ಮುಗಿಯುವ ಮಾರ್ಚ್ ಕೊನೆಗೆ ಸೇರಿದರೆ ಮಳೆ ಹಿಡಿಯುವ ಮೊದಲು ನಾಲ್ಕಾರು ಹಾಡು ಕೈಗೆ ಬರುತ್ತವೆ. ಸ್ವೆಟರ್, ಕೊಡೆ, ಟಾರ್ಚ್ ತನ್ನಿ. ಕಿಟಕಿಯ ಬದಿಯಲ್ಲಿ ಗಾಳಿ ಬೀಸುತ್ತದೆ, ಹಿರಿಯರು ಗೋಡೆಯ ಬದಿಗೆ ಕೂರುವುದು ಲೇಸು. ಸುಂಟಿಕೊಪ್ಪದಿಂದ ಅಕ್ಕನನ್ನು ಕರೆತರುವ ನಮ್ಮ ಜೀಪು ಶನಿವಾರ ಮೂರೂವರೆಗೆ ಹೊರಡುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರಿಗೆ ಜಾಗವಿದೆ, ಗಾಲಿಕುರ್ಚಿಯನ್ನು ಮಡಚಿ ಕಾಲಬಳಿ ಇಟ್ಟುಕೊಳ್ಳಬೇಕು. ಮರಳುವಾಗ ಲೈನ್ ಮನೆಯ ಬಾಗಿಲವರೆಗೂ ಬಿಟ್ಟು ಬರುತ್ತೇನೆ.